ಒಂದು ಸಂಜೆಯಲ್ಲಿ ಮಾರಿಷಸ್ ಓದುವುದು ಹೇಗೆ: ಸಪ್ತಾಪುರದ ರೂಮಿನಿಂದ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇರೆಯವರೂ ಓದಬಹುದು, ತೊಂದರೆ ಇಲ್ಲ.

ಮೊದಲು ನನ್ನ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಅಣಕು ಸಂದರ್ಶನಕ್ಕೆ ಹೋಗಿದ್ದೆ. ಮಾರಿಷಸ್ ಬಗ್ಗೆ ನಾಲ್ಕು ಮಾತು ಹೇಳಿ ಅಂದರು. ರಾಜಧಾನಿ ಮಾಲೆ ಅಂದೆ. ಅದು ಮಾಲ್ಡೀವ್ಸ್‌ದು. ಎದುರಿಗಿದ್ದವರ ಮುಖ ನೋಡಿ ಗಾಬರಿಯಾಗಿ, ಇಲ್ಲ ಸರ್, ಆಫ್ರಿಕಾದ ಪಶ್ಚಿಮಕ್ಕೆ, ಮರಳುಗಾಡಿನ ದೇಶ ಅಂದೆ. ಅದು ಮಾರಿಟೇನಿಯಾ. "ನೀರು ಕುಡೀರಿ" ಅಂದರು. ರೂಮಿಗೆ ಬಂದು ನೋಟ್ಸ್ ತೆಗೆದು ನೋಡಿದರೆ ಮೂರೂ ದೇಶ ಒಂದೇ ಪುಟದಲ್ಲಿವೆ. ರಾಜಧಾನಿ, ಕರೆನ್ಸಿ, ಭಾಷೆ, ಜನಸಂಖ್ಯೆ ಅಂತ ಗೆರೆ ಹೊಡೆದು ಕಾಲಂ ಮಾಡಿದ್ದೆ. ಎಲ್ಲಾ ಉರು ಹೊಡೆದಿದ್ದೆ, ಯಾವುದೂ ಯಾವುದಕ್ಕೂ ಅಂಟಿಕೊಂಡಿರಲಿಲ್ಲ.

ಆಮೇಲೆ ಕಾಲಂ ಬಿಟ್ಟೆ. ಈಗ ನನ್ನ ಹತ್ತಿರ ಓದಲು ಬರುವ ಹುಡುಗರಿಗೂ ಒಂದೇ ದಾರಿ ಹೇಳುತ್ತೇನೆ. ನೆಲದಿಂದ ಶುರು ಮಾಡಿ. ನೆಲ, ಗಾಳಿ, ಮಳೆ ಗೊತ್ತಾದರೆ ಏನು ಬೆಳೆಯಿತು ಅಂತ ತಿಳಿಯುತ್ತದೆ. ಬೆಳೆ ಗೊತ್ತಾದರೆ ಯಾರು ಬಂದರು, ಯಾಕೆ ಬಂದರು ಅಂತ ತಿಳಿಯುತ್ತದೆ. ಜನ ಗೊತ್ತಾದರೆ ಸರ್ಕಾರ ಯಾಕೆ ಹಾಗಿದೆ ಅನ್ನೋದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ದ್ವೀಪ ರಾಷ್ಟ್ರಗಳಿಗೆ ಇದು ಚೆನ್ನಾಗಿ ಹೊಂದುತ್ತದೆ, ಯಾಕಂದರೆ ಸುತ್ತ ನೀರು, ಬಂದವರು ಎಲ್ಲಿಂದ ಬಂದರು ಅಂತ ಲೆಕ್ಕ ಸಿಗುತ್ತದೆ.

ಬೇಕಾಗುವ ಸಾಮಾನು: ಒಂದು ಅಟ್ಲಾಸ್, ಝೆರಾಕ್ಸ್ ಅಂಗಡಿಯ ಒಂದು ಕಡೆ ಖಾಲಿ ಇರುವ ಹಾಳೆ, ಪೆನ್ಸಿಲ್. ಸಾಧ್ಯವಾದರೆ ಒಂದು ಪ್ಲೇಟ್ ಮಿರ್ಚಿ-ಗಿರಮಿಟ್, ಅಂದರೆ ಮೆಣಸಿನಕಾಯಿ ಭಜಿ ಮತ್ತು ಒಗ್ಗರಣೆ ಚುರುಮುರಿ. ತಮಾಷೆ ಅಲ್ಲ, ಬೇಕಾಗುತ್ತದೆ.

ಹಾಳೆಯ ಎಡಕ್ಕೆ ಆಫ್ರಿಕಾದ ಪೂರ್ವ ಕರಾವಳಿ ಬರೆಯಿರಿ. ಅದರ ಪಕ್ಕ ಒಂದು ಮಿರ್ಚಿ ಉದ್ದಕ್ಕೆ ಇಡಿ. ಅದು ಮಡಗಾಸ್ಕರ್. ಅದರ ಬಲಕ್ಕೆ, ಸುಮಾರು 800 ಕಿ.ಮೀ. ದೂರಕ್ಕೆ, ಒಂದೇ ಒಂದು ಚುರುಮುರಿ ಕಾಳು ಇಡಿ. ಅದು ಮಾರಿಷಸ್. ಎಣ್ಣೆ ಹಾಳೆಗೆ ಹತ್ತುತ್ತದೆ, ಹತ್ತಲಿ, ಆ ಕಲೆ ನೋಡಿದಾಗಲೆಲ್ಲ ಮಾರಿಷಸ್ ನೆನಪಾಗುತ್ತದೆ. ಕಾಳಿನ ನೈರುತ್ಯಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ ಇನ್ನೊಂದು ಕಾಳು, ರಿಯೂನಿಯನ್. ಅದು ದೇಶ ಅಲ್ಲ, ಈಗಲೂ ಫ್ರಾನ್ಸಿನ ಭಾಗ. ಪೂರ್ವಕ್ಕೆ 550 ಕಿ.ಮೀ.ಗೂ ಆಚೆ ರಾಡ್ರಿಗಸ್. ಅದು ಮಾರಿಷಸ್ಸಿನದೇ. ಈ ಮೂರಕ್ಕೂ ಸೇರಿ ಮಸ್ಕರೀನ್ ದ್ವೀಪಗಳು ಅಂತ ಹೆಸರು. ಉತ್ತರಕ್ಕೆ ದೂರದಲ್ಲಿ ಅಗಲೇಗಾ, ಅದೂ ಮಾರಿಷಸ್ಸಿನದೇ. ಅಲ್ಲಿ ಭಾರತ ಕಟ್ಟಿಕೊಟ್ಟ ವಿಮಾನ ಪಟ್ಟಿ ಮತ್ತು ಜೆಟ್ಟಿ 2024ರ ಫೆಬ್ರವರಿಯಲ್ಲಿ ಉದ್ಘಾಟನೆ ಆದವು. ಇದನ್ನು ಪ್ರಚಲಿತ ವಿದ್ಯಮಾನದವರು ಗುರುತು ಹಾಕಿಕೊಳ್ಳಿ.

ಈಗ ಅಳತೆ. 2040 ಚದರ ಕಿ.ಮೀ. ಅಂತ ಓದಿದರೆ ಏನೂ ಅನಿಸುವುದಿಲ್ಲ. ನಮ್ಮ ಧಾರವಾಡ ಜಿಲ್ಲೆ ಸುಮಾರು 4260. ಅಂದರೆ ಎಲ್ಲಾ ದ್ವೀಪ ಸೇರಿಸಿದರೂ ಮಾರಿಷಸ್ ನಮ್ಮ ಜಿಲ್ಲೆಯ ಅರ್ಧಕ್ಕಿಂತ ಕಡಿಮೆ. ಮುಖ್ಯ ದ್ವೀಪದ ಉದ್ದ ಸುಮಾರು 65 ಕಿ.ಮೀ., ಹುಬ್ಬಳ್ಳಿಯಲ್ಲಿ ಬಸ್ಸು ಹತ್ತಿ ಗದಗ ದಾಟಿ ಸ್ವಲ್ಪ ಮುಂದೆ ಹೋದಷ್ಟು. ಜನ 12 ಲಕ್ಷದ ಮೇಲೆ. 2011ರ ಗಣತಿಯಲ್ಲಿ ಗದಗ ಜಿಲ್ಲೆಯಲ್ಲೇ ಸುಮಾರು ಹತ್ತೂವರೆ ಲಕ್ಷ ಜನ ಇದ್ದರು. ನಮ್ಮಲ್ಲಾದರೆ ಇಷ್ಟಕ್ಕೆ ಒಬ್ಬ ಡಿಸಿ ಸಾಕು. ಅಲ್ಲಿ ಪ್ರಧಾನಿ, ರಾಷ್ಟ್ರಪತಿ, ವಿಶ್ವಸಂಸ್ಥೆಯಲ್ಲಿ ಒಂದು ಕುರ್ಚಿ.

ಮಳೆ ನೆನಪಿಡಲು ನಮ್ಮ ಜಿಲ್ಲೆಯೇ ಸಾಕು. ಇಲ್ಲಿ ಮಳೆ ಪಶ್ಚಿಮದಿಂದ ಬರುತ್ತದೆ. ಅಳ್ನಾವರ, ಕಲಘಟಗಿ ಕಡೆ ಹಸಿರು, ನವಲಗುಂದ ಕಡೆ ಹೋದಂತೆ ಒಣ ಎರೆ ಹೊಲ. ಮಾರಿಷಸ್‌ನಲ್ಲಿ ಇದನ್ನೇ ತಿರುಗಿಸಿ. ಅಲ್ಲಿ ಗಾಳಿ ಆಗ್ನೇಯದಿಂದ ಬೀಸುತ್ತದೆ. ಹಾಗಾಗಿ ಪೂರ್ವಕ್ಕೆ ಮಳೆ ಜಾಸ್ತಿ, ನಡುವಿನ ಎತ್ತರದ ಪ್ರದೇಶಕ್ಕೆ ಇನ್ನೂ ಜಾಸ್ತಿ, ವರ್ಷಕ್ಕೆ 4000 ಮಿ.ಮೀ. ಹತ್ತಿರ. ಪಶ್ಚಿಮ ಕರಾವಳಿ ಒಣ, ಅಲ್ಲಿ 1000 ಮಿ.ಮೀ. ಕೂಡ ಬೀಳುವುದಿಲ್ಲ. ರಾಜಧಾನಿ ಪೋರ್ಟ್ ಲೂಯಿ ವಾಯವ್ಯ ದಡದಲ್ಲಿ, ಬಿಸಿಲಿನ ಊರು. ನಡುವಿನ ಕ್ಯೂರ್‌ಪಿಪ್ ಮೋಡ, ಜಿಟಿಜಿಟಿ ಮಳೆಯ ಊರು, ಹಳೇ ಧಾರವಾಡದ ಹಾಗೆ. ಉಷ್ಣವಲಯವೇ, ಆದರೆ ಭೂಮಧ್ಯರೇಖೆಯ ಕೆಳಗೆ, 20 ಡಿಗ್ರಿ ದಕ್ಷಿಣದಲ್ಲಿ. ಆದ್ದರಿಂದ ಜನವರಿಯಲ್ಲಿ ಬೇಸಿಗೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ.

ದ್ವೀಪ ಹುಟ್ಟಿದ್ದು ಜ್ವಾಲಾಮುಖಿಯಿಂದ, ಸುತ್ತ ಹವಳದ ದಿಬ್ಬ. ಅತಿ ಎತ್ತರದ ಬೆಟ್ಟ 828 ಮೀಟರ್, ಅಷ್ಟು ಸಾಕು, ಅದರ ಉದ್ದನೆಯ ಫ್ರೆಂಚ್ ಹೆಸರನ್ನು ನಾನಂತೂ ಉರು ಹೊಡೆದಿಲ್ಲ.

ಈಗ ಬೆಳೆಗೆ ಬನ್ನಿ. ಚಂಡಮಾರುತ ಹೊಡೆಯುವ ಊರಿನಲ್ಲಿ ಏನು ಬೆಳೆಯಬೇಕು? ಗಾಳಿಗೆ ಬಾಗಿ ಮತ್ತೆ ಏಳುವಂಥದ್ದು. ಕಬ್ಬು! ಹಳಿಯಾಳ, ಬೆಳಗಾವಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಲದ ತುಂಬ ಕಪ್ಪು ಕಲ್ಲು. ಅದನ್ನೆಲ್ಲ ಕೈಯಿಂದ ಆರಿಸಿ ಗುಡ್ಡೆ ಹಾಕಿ ಕಬ್ಬು ಹಚ್ಚಿದರು. ಆ ಕಲ್ಲಿನ ಗುಡ್ಡೆಗಳು ಈಗಲೂ ಕಬ್ಬಿನ ಗದ್ದೆ ನಡುವೆ ನಿಂತಿವೆ. ಆ ಕಲ್ಲು ಎತ್ತಿದವರು ಯಾರು? ಈ ಒಂದು ಪ್ರಶ್ನೆ ಹಿಡಿದುಕೊಂಡರೆ ಇಡೀ ಇತಿಹಾಸ ಕೈಗೆ ಬರುತ್ತದೆ.

ಈ ದ್ವೀಪಕ್ಕೆ ಮೂಲನಿವಾಸಿಗಳು ಇರಲಿಲ್ಲ. ಇದಕ್ಕೆ ಕೆಂಪು ಗೆರೆ ಹಾಕಿ, ಕೊನೆಯಲ್ಲಿ ಬೇಕಾಗುತ್ತದೆ. 1598ರಲ್ಲಿ ಡಚ್ಚರು ಬಂದು ತಮ್ಮ ರಾಜಕುಮಾರ ಮೌರಿಸ್‌ನ ಹೆಸರಿಟ್ಟರು, ಆಮೇಲೆ ಕಬ್ಬು ತಂದರು. ಅವರ ಕಾಲದಲ್ಲೇ ಡೋಡೋ ಹಕ್ಕಿ ಇಲ್ಲವಾಯಿತು. 1710ರಲ್ಲಿ ಬಿಟ್ಟು ಹೋದರು. 1715ರಲ್ಲಿ ಫ್ರೆಂಚರು, 1810ರಲ್ಲಿ ಬ್ರಿಟಿಷರು. ಫ್ರೆಂಚರು ಆಫ್ರಿಕಾ, ಮಡಗಾಸ್ಕರ್‌ನಿಂದ ಗುಲಾಮರನ್ನು ತಂದು ದುಡಿಸಿದರು. ತಪ್ಪಿಸಿಕೊಂಡವರು ನೈರುತ್ಯ ಮೂಲೆಯ ಲೆ ಮೋರ್ನ್ ಬೆಟ್ಟದಲ್ಲಿ ಅಡಗುತ್ತಿದ್ದರು. 1835ರಲ್ಲಿ ಗುಲಾಮಗಿರಿ ನಿಂತಿತು. ಆದರೆ ಕಬ್ಬಿಗೆ ಕೈಗಳು ಬೇಕಲ್ಲ?

ಅದು ನಿಲ್ಲುವ ಮೊದಲೇ ಬ್ರಿಟಿಷರ ಕಣ್ಣು ನಮ್ಮ ಕಡೆ ಬಿದ್ದಿತ್ತು. 1834ರ ನವೆಂಬರ್ 2ರಂದು ಅಟ್ಲಾಸ್ ಅನ್ನುವ ಹಡಗಿನಲ್ಲಿ 36 ಜನ ಕೂಲಿಗಳು ಪೋರ್ಟ್ ಲೂಯಿಗೆ ಬಂದು ಇಳಿದರು. ಅಲ್ಲಿಂದ 20ನೇ ಶತಮಾನದ ಮೊದಲ ವರ್ಷಗಳವರೆಗೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಬಂದರು. ಅಗ್ರಿಮೆಂಟ್ ಮೇಲೆ ಹೆಬ್ಬೆಟ್ಟು ಒತ್ತಿ ಬಂದವರು. ಅಗ್ರಿಮೆಂಟ್ ಅನ್ನುವುದು ಬಾಯಲ್ಲಿ ಗಿರ್ಮಿಟ್ ಆಯಿತು, ಹಾಗೆ ಬಂದವರು ಗಿರ್ಮಿಟಿಯಾ ಆದರು. ಇದನ್ನು ಹೇಳಿದಾಗ ನರಗುಂದದ ಒಬ್ಬ ಹುಡುಗ ಪ್ಲೇಟಿನಿಂದ ತಲೆ ಎತ್ತಿ, "ಸರ, ಹಂಗಾರ ನಾವೆಲ್ಲಾ ದಿನಾ ಗಿರ್ಮಿಟಿಯಾನ ಅಲ್ಲೇನ್ರಿ?" ಅಂದ. ನಕ್ಕೆವು. ಆದರೆ ಆ ಬ್ಯಾಚಿನಲ್ಲಿ ಆ ಪದ ಯಾರೂ ಮರೆತಿಲ್ಲ. ನಮ್ಮ ತಿಂಡಿಗೂ ಅದಕ್ಕೂ ಸಂಬಂಧ ಇದೆ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ ಮತ್ತೆ.

ಹಡಗಿನಿಂದ ಇಳಿದವರು ಹತ್ತಿ ಹೋಗುತ್ತಿದ್ದ 16 ಕಲ್ಲಿನ ಮೆಟ್ಟಿಲು ಈಗಲೂ ಇವೆ. ಆ ಜಾಗಕ್ಕೆ ಆಪ್ರವಾಸಿ ಘಾಟ್ ಅಂತ ಹೆಸರು. 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಲೆ ಮೋರ್ನ್ 2008ರಲ್ಲಿ. ಒಂದು ಕೂಲಿಗಳ ಜಾಗ, ಇನ್ನೊಂದು ಗುಲಾಮರ ಜಾಗ. ಜೋಡಿಯಾಗಿ ನೆನಪಿಡಿ.

ಬಂದವರಲ್ಲಿ ಜಾಸ್ತಿ ಜನ ಭೋಜಪುರಿ ಮಾತಾಡುವ ಬಿಹಾರ, ಉತ್ತರ ಪ್ರದೇಶದವರು. ತಮಿಳರು, ತೆಲುಗರು, ರತ್ನಾಗಿರಿ ಕಡೆಯ ಮರಾಠಿಗರೂ ಇದ್ದರು. ಆದ್ದರಿಂದ ಆಫ್ರಿಕಾ ಖಂಡದ ಲೆಕ್ಕಕ್ಕೆ ಬರುವ ದೇಶದಲ್ಲಿ ಮಹಾಶಿವರಾತ್ರಿಗೆ ರಜೆ, ಯುಗಾದಿಗೆ ರಜೆ, ಗಣೇಶ ಚೌತಿಗೂ ರಜೆ! ಹುಬ್ಬಳ್ಳಿಯವರಿಗೆ ಇದು ಖುಷಿ ಕೊಡುವ ವಿಷಯ. ರಂಜಾನ್‌ಗೂ, ಚೀನೀ ಹೊಸ ವರ್ಷಕ್ಕೂ ರಜೆ ಇದೆ. ಫೆಬ್ರವರಿ 1 ಗುಲಾಮಗಿರಿ ಅಂತ್ಯದ ದಿನ, ನವೆಂಬರ್ 2 ಕೂಲಿಗಳು ಬಂದಿಳಿದ ದಿನ. ರಜಾಪಟ್ಟಿ ಓದಿದರೆ ಜನಗಣತಿ ಓದಿದ ಹಾಗೆ.

ಹಿಂದೂಗಳು ಅರ್ಧದ ಹತ್ತಿರ, ಕ್ರೈಸ್ತರು ಮೂರನೇ ಒಂದು ಭಾಗದ ಹತ್ತಿರ, ಮುಸ್ಲಿಮರು ನೂರಕ್ಕೆ 18ರಷ್ಟು. ಭಾಷೆ ಕೇಳಿದರೆ ಒಂದೇ ಪದದ ಉತ್ತರ ಬೇಡ. ಸಂಸತ್ತಿನಲ್ಲಿ ಇಂಗ್ಲಿಷ್, ಪೇಪರಿನಲ್ಲಿ ಬಹುಪಾಲು ಫ್ರೆಂಚ್, ಮನೆಯಲ್ಲಿ ಫ್ರೆಂಚಿನಿಂದ ಹುಟ್ಟಿದ ಆಡುಮಾತು ಕ್ರಿಯೋಲ್. ಭೋಜಪುರಿ ಕಡಿಮೆಯಾಗುತ್ತಾ ಬಂದಿದೆ. ಹುಬ್ಬಳ್ಳಿಯ ಒಂದು ಓಣಿಯಲ್ಲಿ ಬಾಡಿಗೆಗೆ ಇದ್ದವರಿಗೆ ಇದು ಹೊಸದೇನಲ್ಲ ಅಲ್ವಾ?

ಈಗ ಸರ್ಕಾರ. ಇಲ್ಲಿ ನಿಧಾನ ಮಾಡಿ, ಪ್ರಶ್ನೆ ಬರುವುದು ಇಲ್ಲೇ.

ಮಾರ್ಚ್ 12 ಎರಡು ಸಲ ಬರುತ್ತದೆ. 1968ರ ಮಾರ್ಚ್ 12 ಸ್ವಾತಂತ್ರ್ಯ, 1992ರ ಮಾರ್ಚ್ 12 ಗಣರಾಜ್ಯ. ಗಾಂಧೀಜಿ ದಂಡಿ ಯಾತ್ರೆ ಶುರು ಮಾಡಿದ್ದೂ 1930ರ ಮಾರ್ಚ್ 12ರಂದೇ, ಅವರ ಗೌರವಕ್ಕೆ ಆ ದಿನ ಆರಿಸಿದ್ದು. ಅವರು 1901ರಲ್ಲಿ ದಕ್ಷಿಣ ಆಫ್ರಿಕಾದಿಂದ ಬರುವಾಗ ಮಾರಿಷಸ್‌ನಲ್ಲಿ ಇಳಿದಿದ್ದರು. ಮೊದಲ ಪ್ರಧಾನಿ ಶಿವಸಾಗರ ರಾಮಗುಲಾಮ್. ಈ ಹೆಸರನ್ನು ನೋಡಿ, ಬಿಹಾರದ ನೆಂಟಸ್ತಿಕೆ ಹೆಸರಿನಲ್ಲೇ ಇದೆ.

ಗಣರಾಜ್ಯ ಅಂದ ತಕ್ಷಣ ರಾಷ್ಟ್ರಪತಿಯೇ ಆಳುತ್ತಾರೆ ಅಂದುಕೊಳ್ಳಬೇಡಿ. ನಮ್ಮ ಹಾಗೆಯೇ, ಅಧಿಕಾರ ಪ್ರಧಾನಿಯ ಕೈಯಲ್ಲಿ. ರಾಷ್ಟ್ರಪತಿಯನ್ನು ಸಂಸತ್ತು ಆರಿಸುತ್ತದೆ. ಸಂಸತ್ತಿಗೆ ಒಂದೇ ಸದನ. ಸೈನ್ಯ ಇಲ್ಲ, ಪೊಲೀಸರೇ ಎಲ್ಲ. ಇನ್ನೊಂದು ವಿಚಿತ್ರ, ಕೊನೆಯ ಮೇಲ್ಮನವಿ ಈಗಲೂ ಲಂಡನ್ನಿನ ಪ್ರಿವಿ ಕೌನ್ಸಿಲ್ ಅನ್ನುವ ನ್ಯಾಯಪೀಠಕ್ಕೆ ಹೋಗುತ್ತದೆ. ನಾವು ಅದನ್ನು 1949ರಲ್ಲೇ ಬಿಟ್ಟೆವು.

ಚುನಾವಣೆಯನ್ನು ಪೆನ್ಸಿಲ್ ಹಿಡಿದು ಲೆಕ್ಕ ಮಾಡಿ. ಮುಖ್ಯ ದ್ವೀಪದಲ್ಲಿ 20 ಕ್ಷೇತ್ರ. ಒಂದೊಂದರಲ್ಲಿ ಮೂವರು ಗೆಲ್ಲುತ್ತಾರೆ, ಮತದಾರನಿಗೂ ಮೂರು ಮತ. ಅಲ್ಲಿಗೆ 60. ರಾಡ್ರಿಗಸ್‌ನಿಂದ 2. ಒಟ್ಟು 62. ಇದರ ಮೇಲೆ 8ರವರೆಗೆ ಹೆಚ್ಚುವರಿ ಸ್ಥಾನ. ಅವು ಗೆದ್ದವರಿಗಲ್ಲ, ಸೋತವರಲ್ಲಿ ಚೆನ್ನಾಗಿ ಮತ ಪಡೆದವರಿಗೆ! ಬೆಸ್ಟ್ ಲೂಸರ್ ಪದ್ಧತಿ ಅಂತಾರೆ.

ಹಂಗ್ಯಾಕೆ ಅಂತ ಹುಡುಗರು ಕೇಳುತ್ತಾರೆ. ಕಬ್ಬಿನ ಗದ್ದೆಗೆ ವಾಪಸ್ ಹೋಗಿ. ಗುಲಾಮರ ಮಕ್ಕಳು, ಕೂಲಿಗಳ ಮಕ್ಕಳು, ಚೀನೀ ವ್ಯಾಪಾರಿಗಳು, ಫ್ರೆಂಚ್ ಜಮೀನ್ದಾರರು ಎಲ್ಲಾ ಒಂದೇ ಸಣ್ಣ ದ್ವೀಪದಲ್ಲಿದ್ದಾರೆ. ಸ್ವಾತಂತ್ರ್ಯ ಬಂದರೆ ಹಿಂದೂಗಳದ್ದೇ ಆಳ್ವಿಕೆ ಆಗುತ್ತದೆ ಅನ್ನುವ ಭಯ ಉಳಿದವರಿಗಿತ್ತು. ಹಾಗಾಗಿ ಹಿಂದೂ, ಮುಸ್ಲಿಂ, ಚೀನೀ, ಉಳಿದವರೆಲ್ಲ ಸೇರಿ ಸಾಮಾನ್ಯ ಜನವರ್ಗ ಅಂತ ನಾಲ್ಕು ಗುಂಪು ಮಾಡಿ, ಯಾವ ಗುಂಪಿಗೆ ಸ್ಥಾನ ಕಡಿಮೆ ಬಿತ್ತೋ ಅದಕ್ಕೆ ಸೋತವರನ್ನು ಸೇರಿಸಿ ಸರಿದೂಗಿಸುತ್ತಾರೆ. ಕಿರಿಕಿರಿ ಏನೆಂದರೆ ಲೆಕ್ಕಕ್ಕೆ ಈಗಲೂ 1972ರ ಜನಗಣತಿಯೇ ಆಧಾರ, ಆಮೇಲಿನ ಗಣತಿಗಳಲ್ಲಿ ಜನ ಯಾವ ಗುಂಪಿನವರು ಅಂತ ಕೇಳುವುದನ್ನೇ ಬಿಟ್ಟಿದ್ದಾರೆ. ಅಭ್ಯರ್ಥಿ ತನ್ನ ಗುಂಪು ಹೇಳಲೇಬೇಕು ಅನ್ನುವುದು ಸರಿಯಲ್ಲ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ 2012ರಲ್ಲಿ ಹೇಳಿತು. ನನಗೆ ಈ ಪದ್ಧತಿ ಹಳೇ ಮನೆಯ ಕಂಬದ ಹಾಗೆ ಕಾಣುತ್ತದೆ. ದಾರಿಗೆ ಅಡ್ಡ ಇದೆ, ಕಿತ್ತರೆ ಮಾಳಿಗೆ ಏನಾಗುತ್ತೋ ಗೊತ್ತಿಲ್ಲ.

ಮೂರು ಮತದ ಇನ್ನೊಂದು ಪರಿಣಾಮ ನೋಡಿ. ಗಾಳಿ ಬೀಸಿದ ಕಡೆ ಮೂರೂ ಹೋಗುತ್ತವೆ. ಅದಕ್ಕೇ 1982, 1995, ಮತ್ತೆ 2024ರಲ್ಲಿ ಗೆದ್ದ ಮೈತ್ರಿಕೂಟ ಮುಖ್ಯ ದ್ವೀಪದ 60ಕ್ಕೆ 60 ಬಾಚಿಕೊಂಡಿತು. 2024ರ ನವೆಂಬರಿನಲ್ಲಿ ಪ್ರಧಾನಿ ಆದವರು ನವೀನ್ ರಾಮಗುಲಾಮ್, ಶಿವಸಾಗರರ ಮಗ. ರಾಷ್ಟ್ರಪತಿ ಧರಂ ಗೋಕುಲ್, ಅದೇ ವರ್ಷದ ಡಿಸೆಂಬರಿನಿಂದ. ಹುದ್ದೆಯಲ್ಲಿ ಯಾರಿದ್ದಾರೆ ಅನ್ನುವುದನ್ನು ಪರೀಕ್ಷೆಯ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಕೊನೆಗೆ ಸಮುದ್ರ. ಹಾಳೆಯಲ್ಲಿ ಮಾರಿಷಸ್ಸಿನ ಈಶಾನ್ಯಕ್ಕೆ ದೂರದಲ್ಲಿ, ಮಾಲ್ಡೀವ್ಸ್‌ನ ಕೆಳಗೆ, ನಾಲ್ಕು ಕಾಳು ಉದುರಿಸಿ. ಚಾಗೋಸ್. 1965ರಲ್ಲಿ, ಸ್ವಾತಂತ್ರ್ಯಕ್ಕೆ ಮೊದಲೇ, ಬ್ರಿಟನ್ ಅದನ್ನು ಮಾರಿಷಸ್‌ನಿಂದ ಬೇರೆ ಮಾಡಿತು. ಅಲ್ಲಿನ ಜನರನ್ನು ಎಬ್ಬಿಸಿ, ಅದರಲ್ಲಿನ ದೊಡ್ಡ ದ್ವೀಪ ಡಿಯಾಗೋ ಗಾರ್ಸಿಯಾದಲ್ಲಿ ಅಮೆರಿಕದ ಸೇನಾ ನೆಲೆ ಮಾಡಿಕೊಟ್ಟಿತು. 2019ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಇದು ಸರಿಯಲ್ಲ ಅಂದಿತು. 2025ರ ಮೇ 22ರಂದು ಬ್ರಿಟನ್, ಮಾರಿಷಸ್ ಎರಡೂ ಒಪ್ಪಂದಕ್ಕೆ ಸಹಿ ಹಾಕಿದವು. ಚಾಗೋಸ್ ದ್ವೀಪಗಳು ಮಾರಿಷಸ್‌ಗೆ, ಡಿಯಾಗೋ ಗಾರ್ಸಿಯಾ ಮಾತ್ರ 99 ವರ್ಷ ಲೀಸಿಗೆ ಬ್ರಿಟನ್ನಿಗೆ, ಅಂತ ಅದರಲ್ಲಿತ್ತು.

ಈಗ ಹಾಳೆ ಮಗುಚಿ, ಏನೂ ನೋಡದೆ ಪಕ್ಕದ ರೂಮಿನವನಿಗೆ ಹತ್ತು ನಿಮಿಷ ಹೇಳಿ. ಗಾಳಿಯಿಂದ ಶುರು ಮಾಡಿ ಬೆಸ್ಟ್ ಲೂಸರ್‌ವರೆಗೆ. ಎಲ್ಲಿ ತಡವರಿಸುತ್ತೀರೋ ಅಲ್ಲಿಂದ ಮತ್ತೆ ಓದಿ, ಪೂರ್ತಿ ಬೇಡ.

ಮರುದಿನ ಫಿಜಿ ತೆಗೆದುಕೊಳ್ಳಿ. ಅಲ್ಲೂ ಕಬ್ಬು, ಅಲ್ಲೂ 1879ರಿಂದ ಬಂದ ಗಿರ್ಮಿಟಿಯಾಗಳು. ಆದರೆ ಅಲ್ಲಿ ಮೂಲನಿವಾಸಿಗಳಿದ್ದರು, ಬಹುಪಾಲು ನೆಲ ಅವರದು. ಕೆಂಪು ಗೆರೆ ಹಾಕಿದ ಸಾಲು ನೆನಪಿದೆಯಲ್ಲ? 1987, 2000, 2006ರಲ್ಲಿ ಅಲ್ಲಿ ಸರ್ಕಾರ ಉರುಳಿಸಿದ್ದು ಯಾಕೆ ಅಂತ ಅಲ್ಲಿಂದ ಹುಡುಕಿಕೊಂಡು ಹೋಗಿ. ಚುರುಮುರಿ ಮಾತ್ರ ಜಾಸ್ತಿ ತರಿಸಿ, ಫಿಜಿಗೆ 300ಕ್ಕೂ ಹೆಚ್ಚು ಕಾಳು ಬೇಕು.