ಇಲಿಗೂ ನಮಗೂ ಮೂತ್ರಕೋಶದ ಒಳಪದರ ಹೋಲಿಸುವುದು ಹೇಗೆ

ಐಸ್ ಇಲ್ಲದೆ ಬಂಗಡೆ ಬುಟ್ಟಿ ಇಟ್ಟರೆ ಏನಾಗುತ್ತದೆ ಅಂತ ಕಾರವಾರದವರಿಗೆ ಹೇಳಬೇಕಾ? ಮೂತ್ರಕೋಶದ ಒಳಪದರವೂ ಅಷ್ಟೇ ಬೇಗ ಕೆಡುತ್ತದೆ. ಟಿಶ್ಯೂ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದ ನಾನು ಈಗ ಕೋಡಿಬಾಗದ ಮನೆಯಲ್ಲಿದ್ದೇನೆ. ಎಂ.ಎಸ್ಸಿ. ಮಾಡುತ್ತಿರುವ ತಂಗಿಯ ಮಗಳು ಕೇಳಿದ್ದಕ್ಕೆ ಇದನ್ನು ಬರೆಯುತ್ತಿದ್ದೇನೆ.

ಸಕ್ಕರೆ ಕಾಯಿಲೆಯ ಪಯೋಗ್ಲಿಟಜೋನ್ ಮಾತ್ರೆ ಗಂಡು ರ್ಯಾಟ್‌ಗಳ ಮೂತ್ರಕೋಶದಲ್ಲಿ ಗಡ್ಡೆ ತಂದಿತ್ತು, ಮೌಸ್‌ಗಳಲ್ಲಿ ತರಲಿಲ್ಲ. (ಕನ್ನಡದಲ್ಲಿ ಎರಡೂ ಇಲಿಯೇ, ಲ್ಯಾಬಿನಲ್ಲಿ ದೊಡ್ಡದು ರ್ಯಾಟ್, ಪುಟ್ಟದು ಮೌಸ್.) 2013ರ ಜೂನ್‌ನಲ್ಲಿ ನಮ್ಮ ದೇಶದಲ್ಲೂ ಅದರ ಮಾರಾಟ ನಿಂತು, ಜುಲೈ ಕೊನೆಗೆ ಎಚ್ಚರಿಕೆಯ ಬರಹದೊಂದಿಗೆ ವಾಪಸ್ ಬಂತು. ಆ ಮಾತ್ರೆ ಹಿಡಿಯುವುದು ನ್ಯೂಕ್ಲಿಯಸ್‌ನೊಳಗಿನ ಪಿಪಾರ್ ಗಾಮಾ (PPARγ) ಎಂಬ ರಿಸೆಪ್ಟರನ್ನು, ಅಂದರೆ ಮಾತ್ರೆ ಬಂದು ಕೂರುವ ಪ್ರೋಟೀನನ್ನು. ಅದು ರ್ಯಾಟ್, ಮೌಸ್, ಮನುಷ್ಯ ಮೂವರ ಒಳಪದರದಲ್ಲೂ ಇದೆ. ಎಷ್ಟಿದೆ, ಜೀವಕೋಶಗಳ ಯಾವ ಸಾಲಿನಲ್ಲಿದೆ ಅನ್ನುವುದನ್ನೇ ನೋಡಬೇಕು.

ಮೂತ್ರಕೋಶದ ತುಂಡು ತೆಗೆದ ತಕ್ಷಣ, ಅದು ಕೆಡದಂತೆ, ಅದರ 10 ಪಟ್ಟು ಫಾರ್ಮಾಲಿನ್‌ನಲ್ಲಿ ಮುಳುಗಿಸಿ. ಇಲಿಯದಾದರೆ ಸಣ್ಣ ಸೂಜಿಯಲ್ಲಿ ಒಳಗೂ ತುಂಬಿ ಸ್ವಲ್ಪ ಉಬ್ಬಿಸಿ. ಬೆರಳಲ್ಲಿ ಒರೆಸಬೇಡಿ, ಮೇಲೆ ಕೊಡೆಯಂತೆ ಕೂತ ಜೀವಕೋಶಗಳೇ ಮೊದಲು ಉದುರುತ್ತವೆ. ಮೇಣದ ಬ್ಲಾಕಿನಲ್ಲಿ ತುಂಡನ್ನು ನಿಲ್ಲಿಸಿ ಇಡಿ. ಪತ್ರೊಡೆ ಅಡ್ಡ ಕೊಯ್ದರೆ ತಾನೇ ಸುರುಳಿ ಕಾಣುವುದು? ಹಾಗೆ ಕೊಯ್ದರೆ ಇಲಿಯಲ್ಲಿ ಸುಮಾರು 3 ಸಾಲು, ನಮ್ಮಲ್ಲಿ 5ರಿಂದ 7 ಸಾಲು ಸಿಗುತ್ತವೆ.

4 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 4 ಭಾಗ) ದಪ್ಪಕ್ಕೆ ಕೊಯ್ದು, ಎಲ್ಲ ಪ್ರಾಣಿಗಳ ಸ್ಲೈಡನ್ನೂ ಒಂದೇ ದಿನ, ಒಂದೇ ಬಾಟಲಿಯ ಆಂಟಿಬಾಡಿಯಲ್ಲಿ ಮಾಡಿ. ಆಂಟಿಬಾಡಿ ಪಿಪಾರ್ ಗಾಮಾಗೆ ಅಂಟಿದ ಕಡೆ ಬಣ್ಣ ಹಾಕಿದಾಗ ಕಂದು ಬರುತ್ತದೆ, ಉಳಿದ ನ್ಯೂಕ್ಲಿಯಸ್ ನೀಲಿ. ಅದು ಮೊಲದಿಂದ ಪಡೆದದ್ದಾಗಿರಲಿ. ಮೌಸ್‌ನ ಆಂಟಿಬಾಡಿ ಮೌಸ್‌ನ ತುಂಡಿಗೆ ಹಾಕಿದರೆ ಸುಮ್ನೆ ಎಲ್ಲೆಲ್ಲೂ ಕಂದು. ಆಂಟಿಬಾಡಿ ಹಾಕದ ಒಂದು ಸ್ಲೈಡ್ ಕೂಡ ಪಕ್ಕದಲ್ಲಿ ಇರಲೇಬೇಕು.

ನಾನು ಮೊದಲ ಸಲ ಮಾಡಿದಾಗ ರ್ಯಾಟ್‌ನದು ಗಾಢ ಕಂದು, ಮನುಷ್ಯನದು ಬರೀ ನೀಲಿ. "ಸಿಕ್ತು ಸರ್, ವ್ಯತ್ಯಾಸ!" ಅಂತ ಲ್ಯಾಬಿನ ಸರ್ ಹತ್ತಿರ ಓಡಿದೆ. ಸರ್ ಸೂಕ್ಷ್ಮದರ್ಶಕದಲ್ಲಿ ಒಳಪದರವನ್ನು ನೋಡಲೇ ಇಲ್ಲ, ಸ್ಲೈಡ್ ಸರಿಸಿ ಹೊರಗಿನ ಕೊಬ್ಬಿಗೆ ಹೋದರು. ಕೊಬ್ಬಿನ ಜೀವಕೋಶದಲ್ಲಿ ಪಿಪಾರ್ ಗಾಮಾ ಇದ್ದೇ ಇರುತ್ತದೆ, ಅಲ್ವಾ? ಅದೂ ನೀಲಿಯೇ ಇತ್ತು. ಆ ತುಂಡು ರಜೆಯಲ್ಲಿ ವಾರವಿಡೀ ಫಾರ್ಮಾಲಿನ್‌ನಲ್ಲಿ ನೆನೆದಿತ್ತಂತೆ. ಹಾಗೆ ಜಾಸ್ತಿ ನೆನೆದರೆ ಆಂಟಿಬಾಡಿ ಅಂಟುವ ಜಾಗ ಮುಚ್ಚಿಹೋಗುತ್ತದೆ, ಕುದಿಸಿದರೆ ತೆರೆಯುತ್ತದೆ. ಇನ್ನೊಂದು ಸ್ಲೈಡನ್ನು ಬಫರ್‌ನಲ್ಲಿ ಜಾಸ್ತಿ ಹೊತ್ತು ಕುದಿಸಿದೆ. ಕೊಬ್ಬೂ ಬಂತು, ಒಳಪದರವೂ ಬಂತು.

ಹಾಗಾಗಿ ಮೊದಲು ಕೊಬ್ಬು ನೋಡಿ, ಆಮೇಲೆ ಒಳಪದರ. ಎಣಿಸುವಾಗ ನ್ಯೂಕ್ಲಿಯಸ್‌ನ ಕಂದು ಮಾತ್ರ ಲೆಕ್ಕಕ್ಕೆ. ಒಂದೊಂದು ಸಾಲನ್ನೂ ಬೇರೆ ಬೇರೆ ಬರೆಯಿರಿ. ಎಣಿಸುವವರಿಗೆ ಯಾವ ಪ್ರಾಣಿ ಅಂತ ಹೇಳಬೇಡಿ, ಸಾಲು ನೋಡಿ ಅವರೇ ಊಹಿಸಿಬಿಡುತ್ತಾರೆ, ಅದು ಬೇರೆ ಮಾತು. ಗಂಡೋ ಹೆಣ್ಣೋ ಅನ್ನುವುದನ್ನು ಸ್ಲೈಡಿನ ಮೇಲೇ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮೇಣ ಕರಗಿಸುವ ಕ್ಸೈಲೀನ್‌ನಲ್ಲಿ ತೊಳೆದುಹೋಗುತ್ತದೆ.