ಡೆಸಿಲ್ ಗ್ಲುಕೋಸೈಡ್: ನೀರು ತೆಗೆಯುವುದೇ ಮುಖ್ಯ ಕೆಲಸ

ಸೋಪಿನಂತೆ ಜಿಡ್ಡನ್ನು ನೀರಿಗೆ ಬೆರೆಸುವ, ಸಕ್ಕರೆ ಮೂಲದ ಸರ್ಫ್ಯಾಕ್ಟಂಟ್‌ಗಳಲ್ಲಿ ನಾನು ತಯಾರಿಸಲು ಆರಿಸಿಕೊಂಡದ್ದು ಡೆಸಿಲ್ ಗ್ಲುಕೋಸೈಡ್. ನೀರನ್ನು ಬಯಸುವ ಗ್ಲುಕೋಸ್ ತಲೆ, ನೀರನ್ನು ಒಲ್ಲದ ಹತ್ತು ಕಾರ್ಬನ್ನಿನ ಬಾಲ. ವಿದ್ಯುದಾವೇಶ ಮಾತ್ರ ಎಲ್ಲೂ ಇಲ್ಲ. ಎಮಿಲ್ ಫಿಷರ್ 1893ರಲ್ಲೇ ತೋರಿಸಿದ ದಾರಿಯಿದು: ಸಕ್ಕರೆ ಮತ್ತು ಆಲ್ಕೋಹಾಲನ್ನು ಆಮ್ಲದ ಸಮ್ಮುಖದಲ್ಲಿ ಕಾಯಿಸುವುದು.

ಕಾಗದದ ಮೇಲೆ ಒಂದೇ ಸಾಲು. ಆದರೆ ಗ್ಲುಕೋಸ್ ಡೆಕನಾಲಿನಲ್ಲಿ, ಅಂದರೆ ಬಾಲವಾಗಬೇಕಾದ ಹತ್ತು ಕಾರ್ಬನ್ನಿನ ಆಲ್ಕೋಹಾಲಿನಲ್ಲಿ, ಕರಗಲು ಒಪ್ಪುವುದಿಲ್ಲ. ಕ್ರಿಯೆಯಲ್ಲಿ ಹುಟ್ಟುವ ನೀರು ಅಲ್ಲೇ ನಿಂತರೆ ಸಕ್ಕರೆಯ ಕಣಗಳು ಅದರಲ್ಲಿ ನೆನೆದು ಅಂಟಾಗುತ್ತವೆ, ತಮ್ಮತಮ್ಮಲ್ಲೇ ಬೆಸೆದುಕೊಂಡು ಪಾಲಿಗ್ಲುಕೋಸ್ ಆಗಿ ತಳ ಹಿಡಿಯುತ್ತವೆ. ಆದ್ದರಿಂದ ನಾನು ನುಣ್ಣಗೆ ಅರೆದು ಒಣಗಿಸಿದ ನಿರ್ಜಲ ಗ್ಲುಕೋಸನ್ನೇ ಬಳಸುತ್ತೇನೆ.

36 ಗ್ರಾಂ ಗ್ಲುಕೋಸಿಗೆ 158 ಗ್ರಾಂ ಡೆಕನಾಲ್, ಅಂದರೆ ಮೋಲ್ ಲೆಕ್ಕದಲ್ಲಿ ಒಂದಕ್ಕೆ ಐದು. ಆಮ್ಲವಾಗಿ ಪ್ಯಾರಾ-ಟಾಲ್ಯೂಯಿನ್ ಸಲ್ಫೋನಿಕ್ ಆಮ್ಲ, ಸುಮಾರು 0.4 ಗ್ರಾಂ. ಆಲ್ಕೋಹಾಲ್ ಇಷ್ಟು ಹೆಚ್ಚಿದ್ದರೆ ಒಂದು ಬಾಲಕ್ಕೆ ಹಲವು ಗ್ಲುಕೋಸ್ ಘಟಕಗಳು ಜೋತುಬೀಳುವುದು ಕಡಿಮೆಯಾಗುತ್ತದೆ. ತಾಪಮಾನವನ್ನು 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಟ್ಟು, ಒತ್ತಡ ಇಳಿಸಿ, ಬಿಡದೆ ಕಲಕುತ್ತೇನೆ. ಬರಬೇಕಾದ ನೀರು ಹೆಚ್ಚೆಂದರೆ 3.6 ಗ್ರಾಂ, ಆ ಹನಿಗಳಿಗಾಗಿಯೇ ಇಷ್ಟೆಲ್ಲ ಏರ್ಪಾಡು. ಹಾಲಿನಂತೆ ಬೆಳ್ಳಗಿದ್ದ ಮಿಶ್ರಣ ಕ್ರಮೇಣ ತಿಳಿಯಾಗಿ, ಫ್ಲಾಸ್ಕಿನ ಹಿಂದಿನ ಗೆರೆಗಳು ಕಾಣತೊಡಗಿದರೆ ಗ್ಲುಕೋಸ್ ಬಹುಪಾಲು ಮುಗಿದಿದೆ ಎಂದರ್ಥ. ಆತುರಕ್ಕೆ ಬಿಸಿ ಏರಿಸಿದರೆ ಸಿಗುವುದು ಕಂದು ಬಣ್ಣ. ಇಳುವರಿ ತುಸು ತಗ್ಗಿದರೂ ಚಿಂತೆಯಿಲ್ಲ, ಬಣ್ಣ ಕೆಡಬಾರದು ಎಂಬುದು ನನ್ನ ಪಕ್ಷ.

ಸ್ವಲ್ಪ ಆರಿದ ಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಆಮ್ಲವನ್ನು ತಟಸ್ಥಗೊಳಿಸಿ, ತುಸು ಕ್ಷಾರದತ್ತ ತಳ್ಳುತ್ತೇನೆ. ಮುಂದಿನದು ಮಿಕ್ಕ ಡೆಕನಾಲನ್ನು ನಿರ್ವಾತದಲ್ಲಿ ಬಟ್ಟಿ ಇಳಿಸುವುದು. ಮೊದಲರ್ಧ ಸರಾಗ, ಉಳಿಕೆ ಗಟ್ಟಿಯಾದಂತೆ ಕೊನೆಯ ಪಾಲು ಹೊರಬರಲು ಸತಾಯಿಸುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕೆ ತೆಳುಪದರದ ಬಾಷ್ಪೀಕಾರಕ ಇರುತ್ತದೆ. ಕೊನೆಗೆ ಬಿಸಿನೀರು ಬೆರೆಸಿ, ಹೈಡ್ರೋಜನ್ ಪೆರಾಕ್ಸೈಡಿನಿಂದ ಬಣ್ಣ ತಿಳಿಗೊಳಿಸುವುದು.

ಡೆಕನಾಲ್ ಉಳಿದಿದೆಯೇ ಎಂಬುದನ್ನು ಮೂಗು ಹೇಳುತ್ತದೆ, ಮೇಲ್ಮೈ ಎಳೆತದ ನಕ್ಷೆ ಇನ್ನೂ ಖಚಿತವಾಗಿ ಹೇಳುತ್ತದೆ. ಸಾಂದ್ರತೆ ಏರಿದಂತೆ ಇಳಿಯುವ ಗೆರೆ, ಬಾಲಗಳನ್ನು ಒಳಗಿಟ್ಟುಕೊಂಡ ಅಣುಗಳ ಗುಂಪುಗಳಾದ ಮಿಸೆಲ್‌ಗಳು ಕಟ್ಟಿಕೊಳ್ಳುವ ಹಂತದಲ್ಲಿ ಸಮತಟ್ಟಾಗಬೇಕು. ಅಲ್ಲೊಂದು ತಗ್ಗು ಬಿದ್ದು ಗೆರೆ ಮತ್ತೆ ಮೇಲೆದ್ದರೆ ಕಲ್ಮಶ ಇದೆಯೆಂದೇ ತಿಳಿಯಬೇಕು. ಡೆಸಿಲ್ ಗ್ಲುಕೋಸೈಡಿಗೆ ಆ ಹಂತ ಲೀಟರಿಗೆ ಸುಮಾರು 2 ಮಿಲಿಮೋಲ್. ಬಾಲಕ್ಕೆ ಎರಡು ಕಾರ್ಬನ್ ಸೇರಿಸಿದರೆ ಅದು ಹತ್ತನೇ ಒಂದಕ್ಕೆ ಇಳಿಯುತ್ತದೆ.

ನನಗೆ ತುಂಬ ಹಿಡಿಸಿದ ಗುಣ ಬಿಸಿಯಲ್ಲಿ ಗೊತ್ತಾಗುತ್ತದೆ. ಎಥಿಲೀನ್ ಆಕ್ಸೈಡಿನಿಂದ ಮಾಡಿದ ಅಯಾನಿಕವಲ್ಲದ (ಇದರಂತೆಯೇ ಆವೇಶವಿಲ್ಲದ) ಸರ್ಫ್ಯಾಕ್ಟಂಟ್‌ಗಳಲ್ಲಿ ಅನೇಕವು ಕಾಯಿಸಿದಾಗ ನೀರಿನ ಹಿಡಿತ ಕಳೆದುಕೊಂಡು ಮಬ್ಬಾಗುತ್ತವೆ. ಗ್ಲುಕೋಸಿನ ಹೈಡ್ರಾಕ್ಸಿಲ್ ಗುಂಪುಗಳು ನೀರನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ದ್ರಾವಣ ತಿಳಿಯಾಗಿಯೇ ಇರುತ್ತದೆ. ಕ್ಷಾರಕ್ಕೂ ಬಗ್ಗುವುದಿಲ್ಲ. ಪ್ರಬಲ ಆಮ್ಲದಲ್ಲಿ ಮಾತ್ರ ತಲೆ-ಬಾಲಗಳನ್ನು ಬೆಸೆದ ಗ್ಲೈಕೋಸೈಡ್ ಬಂಧ ಮುರಿದು, ಹೊರಟಲ್ಲಿಗೇ ಹಿಂದಿರುಗುತ್ತದೆ. ಆಮ್ಲೀಯ ಶುಚಿಕಾರಕಗಳಿಗೆ ಇದನ್ನು ಬೆರೆಸುವ ಮೊದಲು ಶೇಖರಣೆಯ ಪರೀಕ್ಷೆ ಮಾಡಿ ನೋಡುತ್ತೇನೆ.