ಬೇಸ್‌ಮೆಂಟಿನಲ್ಲಿ ಬಚ್ಚಲು: ಮೊದಲು ವಾಟ, ಆಮೇಲೆ ಟೈಲ್ಸ್

ಬೇಸ್‌ಮೆಂಟಿನಲ್ಲಿ ಬಾತ್‌ರೂಮ್ ಮಾಡಿಸಬೇಕು ಅಂದವರೆಲ್ಲ ಮೊದಲು ಓಡುವುದು ಟೈಲ್ಸ್ ಅಂಗಡಿಗೆ. ಅಮೆರಿಕದ ನಮ್ಮ ಮನೆಯಲ್ಲಿ ನಾನು ಟಾರ್ಚ್ ಹಿಡಿದು, ಮನೆ ಬೆಚ್ಚಗಿಡುವ ಫರ್ನೇಸ್ ಹಿಂದಿನ ಮೂಲೆಗೆ ಹೋದೆ. ಮೇಲಿನ ಮಹಡಿಗಳಿಂದ ಬರುವ ದಪ್ಪ ಡ್ರೈನ್ ಪೈಪು ಕಾಂಕ್ರೀಟ್ ನೆಲದೊಳಗೆ ಇಳಿದಿದೆಯೋ, ಅಥವಾ ನೆಲಕ್ಕಿಂತ ಮೇಲೆಯೇ ಗೋಡೆ ತೂರಿ ಹೊರಗೆ ಹೋಗಿದೆಯೋ ಅಂತ ನೋಡಿಕೊಳ್ಳದೆ ಒಂದು ಗೆರೆಯನ್ನೂ ಎಳೆಯುವ ಹಾಗಿಲ್ಲ. ಗೋಡೆಯಿಂದ ಹೊರಟಿದ್ದರೆ ಕೆಳಗಿನ ನೀರು ತಾನಾಗಿ ಅಲ್ಲಿಗೆ ಹತ್ತಲಾರದು. ಆಗ ನೆಲ ಅಗೆದು ತೊಟ್ಟಿ ಇಳಿಸಿ, ಅದರೊಳಗೆ ಕೊಳಚೆಯನ್ನು ಮೇಲಕ್ಕೆ ತಳ್ಳುವ ಇಜೆಕ್ಟರ್ ಪಂಪು ಕೂರಿಸಿ, ಗಾಳಿಯಾಡದ ಮುಚ್ಚಳ ಬಿಗಿದು, ಅದಕ್ಕೆ ಗಾಳಿ ಓಡಾಡಲು ಬೇರೆ ವೆಂಟ್ ಪೈಪು ಕೊಡಬೇಕು. ಮಳೆ ನೀರಿಗಿರುವ ಸಂಪ್ ಪಿಟ್ ಇದೆಯಲ್ಲ, ಅದಕ್ಕೇ ಬಿಡೋಣ ಎನ್ನುವ ಗೆಳೆಯರಿದ್ದಾರೆ. ಅದು ಅಂಗಳಕ್ಕೆ ಹೋಗುವ ನೀರು ಮಾರಾಯ್ರೆ, ಸಿಂಕಿನದ್ದೂ ಅದಕ್ಕೆ ಬಿಡುವಂತಿಲ್ಲ.

ನಮ್ಮದು ಅದೃಷ್ಟಕ್ಕೆ ನೆಲದೊಳಗೇ ಇಳಿದಿತ್ತು. ಆದರೆ ಎಷ್ಟು ಆಳದಲ್ಲಿದೆ? ಪೈಪಿನ ಬುಡದ ಬಳಿ ಕಾಂಕ್ರೀಟನ್ನು ಒಂದು ತಟ್ಟೆಯಗಲ ಒಡೆದು, ಕೈಯಲ್ಲೇ ಜಲ್ಲಿ ತೋಡಿ ಅಳೆದೆ. ಪೈಪಿನ ನೆತ್ತಿ ನೆಲದಿಂದ ಹನ್ನೊಂದು ಇಂಚು ಕೆಳಗೆ ಸಿಕ್ಕಿತು. ನನ್ನ ಲೇಔಟ್ ಪೂರ್ತಿ ನಿಂತಿದ್ದು ಈ ಅಳತೆಯ ಮೇಲೆ. ಎರಡೂವರೆ ಇಂಚಿನವರೆಗಿನ ಡ್ರೈನ್ ಪೈಪಿಗೆ ಅಡಿಗೆ ಕಾಲಿಂಚು ವಾಟ, ಅಂದರೆ ಇಳಿಜಾರು, ಇರಲೇಬೇಕು. ಮೂರಿಂಚಿನದಕ್ಕೆ ಅರೆಕಾಲಿಂಚು ಸಾಕು ಎನ್ನುತ್ತದೆ ಕೋಡ್ (ಇಲ್ಲಿನ ಕಟ್ಟಡ ನಿಯಮಾವಳಿ), ನಾನು ಅದಕ್ಕೂ ಕಾಲಿಂಚೇ ಹಿಡಿದೆ. ಕಮೋಡ್ ಮೇನ್ ಲೈನಿನಿಂದ ಹದಿನಾಲ್ಕು ಅಡಿ ದೂರವಿದ್ದರೆ ವಾಟಕ್ಕೇ ಮೂರೂವರೆ ಇಂಚು ಹೋಯಿತು. ಉಳಿದದ್ದರಲ್ಲಿ ಪೈಪಿನ ದಪ್ಪ, ಬೆಂಡು, ಮೇಲೆ ನಾಲ್ಕಿಂಚು ಕಾಂಕ್ರೀಟ್ ಎಲ್ಲ ಹಿಡಿಯಬೇಕು. ಹಿಡಿಯಿತು.

ಹದಿನಾಲ್ಕು ಅಡಿ ಯಾಕೆ ಬಂತು ಅಂದರೆ, ಪೈಪು ಇಳಿದಿದ್ದು ಈಶಾನ್ಯದ ಮೂಲೆಯಲ್ಲಿ. ‘ಈಶಾನ್ಯದಲ್ಲಿ ಪಾಯಿಖಾನೆ ಬೇಡ ಕಣೋ’ ಅಂತ ಅಮ್ಮ ಮೈಸೂರಿನಿಂದ ಫೋನಿನಲ್ಲಿ. ವಾದ ಮಾಡಿ ಗೆಲ್ಲುವುದಕ್ಕಿಂತ ಟ್ರೆಂಚ್ ಉದ್ದ ಮಾಡುವುದು ಸುಲಭ. ಬಾತ್‌ರೂಮನ್ನು ಪಶ್ಚಿಮಕ್ಕೆ ತಳ್ಳಿದೆ. ಅಲ್ಲಿ ಫರ್ನೇಸಿನ ಗಾಳಿ ಒಯ್ಯುವ ಡಕ್ಟುಗಳೂ ಅಡ್ಡ ಬರುತ್ತಿರಲಿಲ್ಲ. ಬೇಸ್‌ಮೆಂಟಿನ ಬಚ್ಚಲಿಗೆ ಆರಡಿ ಎಂಟಿಂಚು ಎತ್ತರ ಬೇಕು, ಡಕ್ಟಿನ ಕೆಳಗೆ ಶವರ್ ಇಟ್ಟರೆ ತಲೆ ತಗಲುತ್ತದೆ.

ಇನ್ನು ಪರ್ಮಿಟ್ಟು. ನಾವಿರುವುದು ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ಪಕ್ಕದ ಊರಿನಲ್ಲಿ. ಇಲ್ಲಿ ಸ್ವಂತ ಮನೆಯಲ್ಲಿ ತಾನೇ ವಾಸವಿರುವವನು ತಾನೇ ಕೆಲಸ ಮಾಡುತ್ತೇನೆಂದು ಸಹಿ ಹಾಕಿ ಪ್ಲಂಬಿಂಗ್ ಪರ್ಮಿಟ್ ಪಡೆಯಬಹುದು. ಹಾಗೆ ಸಹಿ ಹಾಕಿ ಪರಿಚಯದವರನ್ನು ಕರೆದು ದುಡ್ಡು ಕೊಟ್ಟು ಮಾಡಿಸುವಂತಿಲ್ಲ. ಕೆಲಸ ಬೇರೆಯವರದ್ದಾದರೆ ಲೈಸೆನ್ಸ್ ಇರುವ ಕಂಟ್ರಾಕ್ಟರೇ ಪರ್ಮಿಟ್ ತೆಗೆಯಬೇಕು. ಬಿಲ್ಡಿಂಗ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಪರ್ಮಿಟ್‌ಗಳು ಬೇರೆ ಬೇರೆ. ‘ನೆಲದ ಕೆಳಗಿನದನ್ನು ಯಾರು ನೋಡ್ತಾರೆ’ ಎನ್ನುವವರಿಗೆ ನನ್ನ ಉತ್ತರ ಒಂದೇ: ಮಿಶಿಗನ್ನಿನಲ್ಲಿ ಮನೆ ಮಾರುವಾಗ ತುಂಬಬೇಕಾದ ಡಿಸ್‌ಕ್ಲೋಷರ್ ಫಾರಂ, ಪರ್ಮಿಟ್ ಇಲ್ಲದೆ ಮಾಡಿದ ಬದಲಾವಣೆ ಇದೆಯೇ ಅಂತ ನೇರವಾಗಿ ಕೇಳುತ್ತದೆ. ಅದಿರಲಿ, ನಾನು ಪ್ಲಂಬರ್ ಅಲ್ಲ. ಕಾಂಕ್ರೀಟ್ ಸುರಿಯುವ ಮುಂಚೆ ಬಲ್ಲವನೊಬ್ಬ ಬಂದು ನೋಡಿಹೋಗುವುದು ನನಗೇ ಬೇಕಿತ್ತು, ಆ ಫೀಸು ನನಗೆ ಹೊರೆ ಅನ್ನಿಸಲಿಲ್ಲ.

ಅರ್ಜಿಯ ಜೊತೆ ಎರಡು ಚಿತ್ರ ಕೊಟ್ಟೆ. ಮೇಲಿನಿಂದ ನೋಡಿದ ಪ್ಲಾನಿನಲ್ಲಿ ಕಮೋಡಿನ ನಡುವಿನಿಂದ ಅಕ್ಕಪಕ್ಕ ಹದಿನೈದು ಇಂಚು, ಮುಂದೆ ಇಪ್ಪತ್ತೊಂದು ಇಂಚು ಖಾಲಿ ಜಾಗ ತೋರಿಸಿದ್ದೆ. ಕಮೋಡಿನ ಪೈಪು ಮುಗಿದ ಗೋಡೆಯಿಂದ ಹನ್ನೆರಡು ಇಂಚಿಗಿರಬೇಕು. ಬರೀ ಮರದ ಫ್ರೇಮಿನಿಂದ ಅಳೆಯುವವರು ಅದರ ಮೇಲೆ ಕೂರುವ ಡ್ರೈವಾಲ್ ಹಲಗೆಯ ಅರ್ಧ ಇಂಚು ಸೇರಿಸಿಕೊಳ್ಳಬೇಕು. ಎರಡನೆಯದು ಪೈಪುಗಳದ್ದೇ ಐಸೋಮೆಟ್ರಿಕ್ (ಮೂರು ಆಯಾಮ ಕಾಣುವ) ಚಿತ್ರ: ಯಾವುದು ಎಷ್ಟು ಇಂಚಿನದು, ಎಲ್ಲಿ ಸೇರುತ್ತದೆ, ವೆಂಟ್ ಎಲ್ಲಿ ಏಳುತ್ತದೆ. ಕಮೋಡಿಗೆ ಮೂರಿಂಚು, ಶವರಿಗೆ ಎರಡು, ಸಿಂಕಿಗೂ ಎರಡು.

ಸಿಂಕಿಗೆ ಅಷ್ಟು ದಪ್ಪ ಯಾಕೆಂದು ಹೆಂಡತಿ ಕೇಳಿದಳು. ಎಣ್ಣೆ ಡಬ್ಬಕ್ಕೆ ಎರಡನೇ ತೂತು ಮಾಡಿದರೆ ತಾನೆ ಗುಳುಗುಳು ಅನ್ನದೆ ಸುರಿಯುವುದು? ಡ್ರೈನಿಗೆ ಆ ತೂತೇ ವೆಂಟ್. ಅದಿಲ್ಲದಿದ್ದರೆ ಕಮೋಡ್ ಫ್ಲಶ್ ಮಾಡಿದಾಗ ಶವರ್ ಟ್ರ್ಯಾಪಿನಲ್ಲಿ (ವಾಸನೆ ತಡೆಯಲು ನೀರು ನಿಲ್ಲುವ ಬಾಗು ಪೈಪು) ನಿಂತ ನೀರು ಎಳೆದುಹೋಗಿ ಚರಂಡಿಯ ಗಾಳಿ ಮನೆಯೊಳಗೆ ಬರುತ್ತದೆ. ಒಂದೇ ಬಾತ್‌ರೂಮಿನ ಸಿಂಕ್ ಪೈಪು ಎರಡಿಂಚಿದ್ದರೆ ಅದೇ ಕಮೋಡಿಗೂ ಶವರಿಗೂ ವೆಂಟ್ ಆಗಬಹುದು, ಇದಕ್ಕೆ ವೆಟ್ ವೆಂಟ್ ಎನ್ನುತ್ತಾರೆ. ಹೀಗಾಗಿ ಒಂದೇ ಪೈಪನ್ನು ಮೇಲಿನ ಕ್ಲಾಸೆಟ್ಟಿನ ಮೂಲಕ ಅಟ್ಟಕ್ಕೆ ಒಯ್ದು ಅಲ್ಲಿಂದ ಛಾವಣಿಯ ಹೊರಗೆ ಬಿಟ್ಟರೆ ಸಾಕಾಯಿತು.

ಪರ್ಮಿಟ್ ಆಫೀಸಿನಿಂದ ಒಂದು ತಿದ್ದುಪಡಿ ಬಂತು: ಚರಂಡಿ ನೀರು ಹಿಂದಕ್ಕೆ ನುಗ್ಗದಂತೆ ತಡೆಯುವ ಬ್ಯಾಕ್‌ವಾಟರ್ ವಾಲ್ವ್ ಸೇರಿಸಿ ಅಂತ. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ನಮ್ಮ ಬೇಸ್‌ಮೆಂಟ್ ತಗ್ಗಿನಲ್ಲಿದೆ, ಚರಂಡಿ ತುಂಬಿದರೆ ನೀರು ಮೊದಲು ಉಕ್ಕುವುದು ಇಲ್ಲೇ. 2021ರ ಜೂನ್ ಮಳೆಯಲ್ಲಿ ಡಿಯರ್‌ಬಾರ್ನ್, ಗ್ರಾಸ್ ಪಾಯಿಂಟ್ ಕಡೆ ಬೇಸ್‌ಮೆಂಟುಗಳ ಪಾಡು ನೋಡಿದವರು ಇದಕ್ಕೆ ಚೌಕಾಸಿ ಮಾಡುವುದಿಲ್ಲ. ವಾಲ್ವನ್ನು ಬೇಸ್‌ಮೆಂಟಿನ ಕವಲಿಗೆ ಮಾತ್ರ ಹಾಕಬೇಕು. ಮೇನ್ ಲೈನಿಗೇ ಹಾಕಿದರೆ ವಾಲ್ವ್ ಮುಚ್ಚಿಕೊಂಡಾಗ ಮೇಲೆ ಸ್ನಾನ ಮಾಡಿದ ನೀರೇ ಹೊರಹೋಗಲಾಗದೆ ಕೆಳಗೆ ಉಕ್ಕುತ್ತದೆ.

ಬಾತ್‌ರೂಮಿಗೆ ನೀರು ಸುರಿದು ತೊಳೆಯಲು ಫ್ಲೋರ್ ಡ್ರೈನ್ ಇಡೋಣ ಎನ್ನುವ ಆಸೆ ನಮ್ಮವರಿಗೆಲ್ಲ ಇರುತ್ತದೆ. ನಾನು ಬಿಟ್ಟೆ. ಇಲ್ಲಿ ದಿನಾ ನೀರು ಸುರಿಯುವವರಿಲ್ಲ, ಚಳಿಗಾಲದ ಒಣ ಹವೆಗೆ ಟ್ರ್ಯಾಪಿನ ನೀರು ಆರಿ ವಾಸನೆ ಶುರುವಾಗುತ್ತದೆ. ಅದನ್ನು ತಪ್ಪಿಸಲು ಟ್ರ್ಯಾಪಿಗೆ ಆಗಾಗ ನೀರು ಬಿಡುವ ಟ್ರ್ಯಾಪ್ ಪ್ರೈಮರ್ ಅಂತ ಇನ್ನೊಂದು ಲೈನ್ ಎಳೆಯಬೇಕು.

ಕಾಂಕ್ರೀಟ್ ಕತ್ತರಿಸಿದ್ದು ನೀರು ಬಿಡುವ ಗರಗಸದಲ್ಲಿ. ನೀರಿಲ್ಲದೆ ಕೊಯ್ದರೆ ಸಿಲಿಕಾ ಧೂಳು ಮನೆಯಿಡೀ ಹರಡಿ ಶ್ವಾಸಕೋಶಕ್ಕೂ ಹೋಗುತ್ತದೆ. ಪೈಪು ಜೋಡಿಸಿ, ಟ್ರೆಂಚ್ ತೆರೆದಿಟ್ಟೇ ಇನ್‌ಸ್ಪೆಕ್ಷನ್ನಿಗೆ ಕರೆದೆ. ಕೊನೆಗಳಿಗೆಲ್ಲ ಮುಚ್ಚಳ ಅಂಟಿಸಿ, ಒಂದು ಪೈಪನ್ನು ಎತ್ತರಕ್ಕೆ ನಿಲ್ಲಿಸಿ ಅಂಚಿನವರೆಗೆ ನೀರು ತುಂಬಿದ್ದೆ. ಹದಿನೈದು ನಿಮಿಷ ಆ ಮಟ್ಟ ಇಳಿಯಬಾರದು. ಇನ್‌ಸ್ಪೆಕ್ಟರ್ ಬಂದವರೇ ಮಂಡಿಯೂರಿ ಪ್ರತಿ ಜಾಯಿಂಟಿಗೂ ಟಾರ್ಚ್ ಬಿಟ್ಟರು. ಹುಡುಕುತ್ತಿದ್ದುದು ನೇರಳೆ ಬಣ್ಣ: ಪಿವಿಸಿಗೆ ಅಂಟು ಹಚ್ಚುವ ಮುಂಚೆ ಬಳಿಯುವ ಪ್ರೈಮರ್ ಜಾಯಿಂಟಿನ ಹೊರಗೆ ಒಂದು ಗೆರೆ ಉಳಿಸಿರುತ್ತದೆ. ಅಂದವಾಗಿರಲಿ ಅಂತ ಅದನ್ನು ಒರೆಸಿಬಿಡಬೇಡಿ. ಆಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ವಾಟ ನೋಡಿ ಸಹಿ ಹಾಕಿದರು. ಮುಚ್ಚುವ ಮುಂಚೆ ಪೈಪುಗಳ ಪಕ್ಕ ಟೇಪ್ ಹಾಸಿ ಗೋಡೆಯಿಂದ ಅಳತೆ ಕಾಣುವಂತೆ ಫೋಟೋ ತೆಗೆದುಕೊಂಡೆ. ಪೈಪ್ ಮುಚ್ಚಿ ಹೋದ ಮೇಲೆ ಶವರ್ ಬಾಗಿಲಿನ ಮೊಳೆ ಎಲ್ಲಿ ಹೊಡೆಯಬೇಕೆಂದು ಹೇಳುವುದು ಆ ಫೋಟೋ ಮಾತ್ರ.

ಗೋಡೆಯೊಳಗಿನ ಪೈಪುಗಳ ರಫ್ ಇನ್‌ಸ್ಪೆಕ್ಷನ್ ತಕರಾರಿಲ್ಲದೆ ಮುಗಿಯಿತು. ಫೈನಲ್‌ನಲ್ಲಿ ಅವರ ಕಣ್ಣು ಬಿದ್ದಿದ್ದು ಕಮೋಡ್ ಪಕ್ಕದ ಹೆಲ್ತ್ ಫಾಸೆಟ್ ಮೇಲೆ. ಅದರ ಮೂತಿ ಕಮೋಡಿನೊಳಗೆ ಜೋತುಬಿದ್ದು ಲೈನಿನ ಒತ್ತಡ ಕಡಿಮೆಯಾದರೆ ಕೊಳಕು ನೀರು ಕುಡಿಯುವ ನೀರಿಗೆ ಸೇರಬಹುದು, ಅದಕ್ಕೆ ಬ್ಯಾಕ್‌ಫ್ಲೋ ತಡೆ ಎಲ್ಲಿ ಅಂದರು. ನೀರು ಹಿಂದಕ್ಕೆ ಎಳೆಯದಂತೆ ತಡೆಯುವ ವ್ಯಾಕ್ಯೂಮ್ ಬ್ರೇಕರ್ ಇರುವ ಸೆಟ್ಟನ್ನೇ ತರಿಸಿದ್ದೆ, ಡಬ್ಬಿಯ ಮೇಲಿನ ಸರ್ಟಿಫಿಕೇಷನ್ ಗುರುತನ್ನು ತೋರಿಸಿದೆ. ಓದಿ ನೋಡಿ, ಹಸಿರು ಸ್ಟಿಕ್ಕರ್ ಅಂಟಿಸಿ, ಇಂಥದ್ದು ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿಕೊಂಡು ಹೋದರು.